ಎರಡೂ ಒಂದೇ ಸರ್

ಮೈಸೂರಿನ ಎಲೆಕ್ಟ್ರಾನಿಕ್ಸ್ ಬಿಡಿಭಾಗದ ಅಂಗಡಿಗಳು ಇರುವುದೇ ರಿಪೇರಿಯವರಿಗಾಗಿ. ಫ್ಯಾನು, ಮಿಕ್ಸಿ, ಯುಪಿಎಸ್, ಟಿವಿ ರಿಮೋಟು. ಅಲ್ಲಿ ನಿಂತು ಹೊಸದಾಗಿ ಏನೋ ಮಾಡ್ತಾ ಇದ್ದೇನೆ ಎಂದರೆ ಕೌಂಟರಿನವರು ಮೊದಲು ಕೇಳುವುದು, ‘ಕಾಲೇಜ್ ಪ್ರಾಜೆಕ್ಟಾ ಸರ್?’ ಆಮೇಲೆ ನನ್ನ ಬಿಳಿಕೂದಲು ಕಂಡು, ‘ಓ, ಮಗಂದಾ?’

ಸಿಂಥಸೈಜರ್ ಎಂದೆ. ಅರ್ಥವಾಗಲಿಲ್ಲ. ಕರೆಂಟಿನಿಂದಲೇ ಸ್ವರ ಹುಟ್ಟಿಸುವ ವಾದ್ಯ ಎಂದೆ. ‘ಕ್ಯಾಸಿಯೋ! ಯಾವ ಕೀ ಕೆಟ್ಟಿದೆ?’ ಎಂದರು.

ಮನೆಯಲ್ಲಿ ಕೂತು ಬೆಸುಗೆ ಹಾಕುವ ಹುಚ್ಚು ಈ ಊರಿಗೆ ಹೊಸದೇನಲ್ಲ. 1935ರಲ್ಲಿ ಮನಃಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಇಲ್ಲೇ ತಮ್ಮ ಮನೆಯಿಂದ ರೇಡಿಯೋ ಶುರು ಮಾಡಿದ್ದರು. ಆಕಾಶವಾಣಿ ಅನ್ನೋ ಹೆಸರು ಬಂದದ್ದು ಅಲ್ಲಿಂದ. ಅವರ ಮನೆಯವರು ಏನಂದಿದ್ದರೋ ಗೊತ್ತಿಲ್ಲ. ನಮ್ಮ ಮನೆಯವರು ಏನಂದರು ಎಂದು ಮುಂದೆ ಹೇಳುತ್ತೇನೆ.

ಸಿಂಥಸೈಜರಿನ ತಕರಾರು ಇಷ್ಟೇ. ರಿಪೇರಿಯವರಿಗೆ ಒಂದೇ ಆಗಿರುವ ಎರಡು ಸಾಮಾನು ಇಲ್ಲಿ ಬೇರೆ ಬೇರೆ. ಮಿಕ್ಸಿಗೆ ಶ್ರುತಿ ಸರಿ ಇದೆಯಾ ಅಂತ ಯಾರೂ ನೋಡುವುದಿಲ್ಲ. ನಮ್ಮ ಮನೆಯಲ್ಲಿ ನೋಡುವವರಿದ್ದಾರೆ. ನನ್ನ ಸೋದರತ್ತೆ, ಅಗ್ರಹಾರದಲ್ಲಿ ವರ್ಷಾನುಗಟ್ಟಲೆ ವೀಣೆ ಪಾಠ ಹೇಳಿದವರು.

ಮೊದಲು ವಾಲ್ಯೂಮಿಗೆ ಪಾಟ್ ಬೇಕಿತ್ತು, ಅಂದರೆ ಗುಬುಟು ತಿರುಗಿಸಿದಂತೆ ಬೆಲೆ ಬದಲಾಗುವ ರೆಸಿಸ್ಟರ್. ಕೆ ಅಂದರೆ ಸಾವಿರ ಓಮ್. ‘ಎ 100ಕೆ ಕೊಡಿ’ ಎಂದೆ. ಬಂದದ್ದು ಬಿ 100ಕೆ. ‘ಎರಡೂ ನೂರು ಕೆ ತಾನೇ ಸರ್? ಎರಡೂ ಒಂದೇ.’ ಒಂದಲ್ಲ. ನಮ್ಮಲ್ಲಿ ಸಿಗುವ ಪಾಟ್‌ಗಳಲ್ಲಿ ಬಿ ಅಂದರೆ ಲೀನಿಯರ್, ತಿರುಗಿಸಿದಷ್ಟೇ ಏರುವುದು. ಎ ಅಂದರೆ ಲಾಗ್, ಮೊದಲು ನಿಧಾನಕ್ಕೆ, ಆಮೇಲೆ ಬೇಗ ಏರುವುದು. ಗುಬುಟನ್ನು ಮಧ್ಯಕ್ಕೆ ನಿಲ್ಲಿಸಿ ಮಲ್ಟಿಮೀಟರ್ ಹಿಡಿದರೆ ಲೀನಿಯರ್ ಸುಮಾರು 50ಕೆ ತೋರಿಸುತ್ತದೆ. ಲಾಗ್ ಒಂದು ಕಡೆಗೆ ಹತ್ತೋ ಹದಿನೈದೋ ಕೆ ಅಷ್ಟೇ. ನಮ್ಮ ಕಿವಿ ಸದ್ದನ್ನು ಅಳೆಯುವುದು ಲಾಗ್ ಲೆಕ್ಕದಲ್ಲಿ. ಬಿ ಹಾಕಿದರೆ ಗುಬುಟನ್ನು ಸ್ವಲ್ಪ ಮುಟ್ಟಿದರೂ ಬೀದಿಗೆಲ್ಲ ಕೇಳುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಹೆಚ್ಚೇನೂ ಆಗುವುದಿಲ್ಲ. ನಮ್ಮ ಬೀದಿಗೂ ಕೇಳಿತು. ಪಕ್ಕದ ಮನೆಯವರು ಕಾಂಪೌಂಡಿನ ಹತ್ತಿರ ಬಂದು, ‘ನಿಮ್ಮ ಟ್ಯಾಂಕ್ ತುಂಬಿ ಆಗ್ಲಿಂದ ಅಲಾರ್ಮ್ ಹೊಡ್ಕೋತಾ ಇದೆ, ಮೋಟರ್ ಆರಿಸ್ರೀ’ ಎಂದು ಕೂಗಿದರು. ಒಳಗಿನಿಂದ ಹೆಂಡತಿ, ‘ರೀ, ಕುಕ್ಕರ್ ಎಷ್ಟು ಸಲ ಕೂಗ್ತು? ನಿಮ್ದನ್ನೂ ಸೇರಿಸಿ ಎಣಿಸಿಬಿಟ್ಟೆ!’ ಆವತ್ತು ಬೇಳೆ ಅರೆಬೆಂದಿತ್ತು.

ಕೆಪ್ಯಾಸಿಟರ್ ಕಥೆ ಇನ್ನೊಂದು. ‘ನೂರು ನ್ಯಾನೋಫ್ಯಾರಡ್’ ಎಂದರೆ ಅಂಗಡಿಯಲ್ಲಿ ಮೌನ. ಅದರ ಮೈಮೇಲೆ ಬರೆದಿರುವ 104 ಎಂಬ ಗುರುತು ಹಿಡಿದು ‘ಒನ್ ನಾಟ್ ಫೋರ್’ ಎಂದರೆ ಮುಷ್ಟಿ ತುಂಬ ಬರುತ್ತದೆ. ಬಂದದ್ದೆಲ್ಲ ಡಿಸ್ಕ್ ಸೆರಾಮಿಕ್. ಐಸಿ ಚಿಪ್ಪಿನ ಪಕ್ಕದಲ್ಲಿ ಕರೆಂಟ್ ಸಪ್ಲೈಗೆ ಹಾಕಲು ಅದು ಬಹಳ ಒಳ್ಳೆಯದು. ಆದರೆ ಸ್ವರದ ಎತ್ತರ ನಿರ್ಧರಿಸುವ ಜಾಗದಲ್ಲಿ ಬೇಡ. ಬಿಸಿಲು ಏರಿದ ಹಾಗೆ ಅದರ ಬೆಲೆ ಬದಲಾಗುತ್ತದೆ, ಜೊತೆಗೆ ಸ್ವರವೂ. ಅಲ್ಲಿ ಫಿಲ್ಮ್ ಕೆಪ್ಯಾಸಿಟರೇ ಬೇಕು. ಕೇಳಿದೆ. ಹುಡುಗ ಒಳಗೆ ಹೋಗಿ ಸೀಲಿಂಗ್ ಫ್ಯಾನಿನ ಕೆಪ್ಯಾಸಿಟರ್ ತಂದಿಟ್ಟ. 2.5 ಮೈಕ್ರೋಫ್ಯಾರಡ್, 440 ವೋಲ್ಟ್. ಸುಳ್ಳು ಎನ್ನುವ ಹಾಗೂ ಇಲ್ಲ, ಅದರೊಳಗೂ ಸುತ್ತಿರುವುದು ಪ್ಲಾಸ್ಟಿಕ್ ಫಿಲ್ಮೇ!

ಸಿಗ್ನಲ್ ಹಿಗ್ಗಿಸುವ ಐಸಿ, ಆಪ್ ಆಂಪ್ ಕೂಡ ಹೀಗೇ. ನಾನು ಕೇಳಿದ್ದು ಟಿಎಲ್ 072, ಕೊಟ್ಟದ್ದು 741. ‘ಇಂಜಿನಿಯರಿಂಗ್ ಮಕ್ಕಳೆಲ್ಲ ಇದನ್ನೇ ತಗೊಂಡು ಹೋಗೋದು.’ ನಿಜ. 1968ರಲ್ಲಿ ಅದು ಬಂದಾಗಿನಿಂದ ಮಕ್ಕಳೆಲ್ಲ ಅದನ್ನೇ ಕಲಿಯುತ್ತಿದ್ದಾರೆ. ಎರಡಕ್ಕೂ ಎಂಟೇ ಕಾಲು. ಆದರೆ 741ರ ಒಳಗೆ ಒಂದು ಆಂಪ್ಲಿಫೈಯರ್, 072ರಲ್ಲಿ ಎರಡು. ಕಾಲುಗಳ ಕೆಲಸವೂ ಬೇರೆ. ಜೊತೆಗೆ 741 ಸುಯ್ ಎನ್ನುವ ಸದ್ದನ್ನು ಪುಕ್ಕಟೆಯಾಗಿ ಕೊಡುತ್ತದೆ. ಐಸಿಗಳನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರಿಸುವುದೇ ವಾಸಿ. ರೆಸಿಸ್ಟರ್, ವೈರು, ಐಸಿ ಸಾಕೆಟ್ಟಿಗೆ ನಮ್ಮೂರೇ ಸಾಕು. ರೆಸಿಸ್ಟರನ್ನು ಮಾತ್ರ ಮಲ್ಟಿಮೀಟರಿನಲ್ಲಿ ಅಳೆದೇ ಹಾಕಬೇಕು. ನೀಲಿ ಮೈಯ ಮೇಲಿನ ಕೆಂಪು, ಕಿತ್ತಳೆ, ಕಂದು ಪಟ್ಟಿಗಳು ಟ್ಯೂಬ್‌ಲೈಟಿನ ಕೆಳಗೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ.

ನಿಜವಾದ ಪೀಕಲಾಟ ಟ್ರಾನ್ಸಿಸ್ಟರಿನದು. ಡಯಾಗ್ರಾಮಿನಲ್ಲಿ 2ಎನ್ 3904 ಇತ್ತು. ‘547 ತಗೊಳ್ಳಿ, ಎರಡೂ ಒಂದೇ.’ ಬಿ.ಸಿ. 547 ನಡೆಯುತ್ತದೆ, ಆದರೆ ಕಾಲುಗಳು ಉಲ್ಟಾ. ಚಪ್ಪಟೆ ಮುಖ ನಮ್ಮ ಕಡೆ ಇಟ್ಟರೆ 3904ರಲ್ಲಿ ಎಮಿಟರ್ ಎಂಬ ಕಾಲು ಎಡಕ್ಕೆ, 547ರಲ್ಲಿ ಬಲಕ್ಕೆ. ಹೋಗಲಿ, ತಿರುಗಿಸಿ ಹಾಕಬಹುದು. ತಲೆನೋವು ಅದಲ್ಲ, ಬಿಸಿ.

ಹೆಚ್ಚಿನ ಸಿಂಥಸೈಜರುಗಳಲ್ಲಿ ಒಂದು ವೋಲ್ಟ್ ಏರಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರಬೇಕು, ಅಂದರೆ ಕಂಪನ ಎರಡು ಪಟ್ಟಾಗಬೇಕು. ಈ ದುಪ್ಪಟ್ಟು ಮಾಡುವ ಕೆಲಸ ಒಂದು ಜೋಡಿ ಟ್ರಾನ್ಸಿಸ್ಟರಿನದು. ಅದರ ಬೇಸ್ ಎಂಬ ಕಾಲಿನಲ್ಲಿ ಒಂದು ಸ್ಥಾಯಿಗೆ ಸಿಗುವುದು ಸುಮಾರು 18 ಮಿಲಿವೋಲ್ಟ್ ಮಾತ್ರ. ಹನ್ನೆರಡು ಸ್ವರಸ್ಥಾನಕ್ಕೆ ಹಂಚಿದರೆ ತಲಾ ಒಂದೂವರೆ. ಆದರೆ ಒಂದು ಡಿಗ್ರಿ ಬಿಸಿಯಾದರೆ ಟ್ರಾನ್ಸಿಸ್ಟರ್ ತಾನಾಗಿಯೇ ಸುಮಾರು 2 ಮಿಲಿವೋಲ್ಟ್ ಜಾರುತ್ತದೆ. ಜೋಡಿಯಲ್ಲಿ ಒಂದು ಮಾತ್ರ ಒಂದು ಡಿಗ್ರಿ ಬೆಚ್ಚಗಾದರೂ ಸಾಕು, ಸ್ವರ ಪಕ್ಕದ ಮನೆಗೆ ಹೋಯಿತು ಅಂತಲೇ ಲೆಕ್ಕ.

ನಮ್ಮ ಬೋರ್ಡಿನಲ್ಲಿ ಆ ಒಂದು ಟ್ರಾನ್ಸಿಸ್ಟರ್ 12 ವೋಲ್ಟ್ ಕಾಯ್ದುಕೊಡುವ 7812 ರೆಗ್ಯುಲೇಟರಿನ ಪಕ್ಕದಲ್ಲೇ ಕೂತಿತ್ತು. ಅದು ಕಾದಂತೆ ಇದೂ ಕಾಯಿತು. ಅತ್ತೆ ಹೂ ಕಟ್ಟುತ್ತಾ ಕೇಳುತ್ತಿದ್ದವರು ತಲೆ ಎತ್ತಿದರು. ‘ಷಡ್ಜ ಹಿಡಿ ಅಂದ್ರೆ ಶುದ್ಧ ರಿಷಭಕ್ಕೆ ಹತ್ತಾ ಇದೆಯಲ್ಲೋ. ಯಾರೋ ಇದಕ್ಕೆ ಪಾಠ ಹೇಳಿದ್ದು?’

ಪರಿಹಾರ ಇದೆ. ಒಂದಷ್ಟು 547 ತಂದು, ಒಂದೊಂದನ್ನೂ ಅಳೆದು, ಮಿಲಿವೋಲ್ಟ್ ಹೊಂದುವ ಎರಡನ್ನು ಆರಿಸಿ, ಚಪ್ಪಟೆ ಮುಖಗಳನ್ನು ಸೇರಿಸಿ ಅಂಟಿಸಬೇಕು. ಕಾದರೆ ಎರಡೂ ಒಟ್ಟಿಗೆ ಕಾಯಲಿ ಅಂತ. ಅಳೆಯುವಾಗ ಬೆರಳು ತಾಗಬಾರದು, ಗಾಳಿ ಬೀಸಬಾರದು. ಹಾಗಾಗಿ ಏಪ್ರಿಲ್ ಮಧ್ಯಾಹ್ನ ಹಾಲಿನ ಫ್ಯಾನ್ ಆರಿಸಿದೆ. ಹೆಂಡತಿ ಬಂದು ಹಾಕಿದಳು. ನಾನು ಆರಿಸಿದೆ. ‘ನಿಮ್ಮ ಟ್ರಾನ್ಸಿಸ್ಟರಿಗೆ ಶೀತ ಆಗತ್ತೆ ಅಂತ ನಾವೆಲ್ಲ ಬೇಯಬೇಕಾ?’ ಎಂದಳು. ಅತ್ತೆ ಬೀಸಣಿಗೆ ತಂದುಕೊಂಡರು, ನನಗೆ ಬೆನ್ನು ತಿರುಗಿಸಿ ಕೂತು.

ಅಂಟಿಸಿದ ಮೇಲೂ ಒಂದು ಚೂರು ಉಳಿದಿತ್ತು. ಇಬ್ಬರೂ ಒಟ್ಟಿಗೆ ಕಾದರೂ ಆ 18 ಮಿಲಿವೋಲ್ಟಿನ ಲೆಕ್ಕವೇ ಬಿಸಿಗೆ ಹಿಗ್ಗುತ್ತದೆ, ಡಿಗ್ರಿಗೆ ಶೇಕಡಾ 0.33ರಷ್ಟು. ಅದನ್ನು ಸರಿದೂಗಿಸಲು ಅಷ್ಟೇ ಹಿಗ್ಗುವ ವಿಶೇಷ ರೆಸಿಸ್ಟರ್ ಬರುತ್ತದೆ. ಮತ್ತೆ ಅದೇ ಅಂಗಡಿಗೆ ಹೋದೆ.

‘ಬಿಸಿಯಾದ್ರೆ ವ್ಯಾಲ್ಯೂ ಬದಲಾಗೋ ರೆಸಿಸ್ಟರ್ ಇದೆಯಾ?’

ಯಜಮಾನರು ಹಿಂದಿನ ಡಬ್ಬಗಳ ಸಾಲನ್ನೆಲ್ಲ ಒಮ್ಮೆ ತೋರಿಸಿದರು. ‘ನಮ್ಮಲ್ಲಿರೋದೆಲ್ಲಾ ಅದೇ ಸರ್. ಎಷ್ಟು ಕೊಡ್ಲಿ?’