ಸಾಯದ ಮೀನು ಕೊಡಿ

ಅಂಗಡಿಯವನ ಹತ್ತಿರ ನಮ್ಮ ಮನೆಯವರ ಬೇಡಿಕೆ ಒಂದೇ. ಬಣ್ಣ ಯಾವುದಾದರೂ ಇರಲಿ, ರೇಟು ಸ್ವಲ್ಪ ಜಾಸ್ತಿ ಆದರೂ ಪರವಾಗಿಲ್ಲ, ಸಾಯಬಾರದು ಅಷ್ಟೇ. ಕಾರಣ ನನ್ನ ಮಗಳು. ಒಂದು ಗಪ್ಪಿ ಸತ್ತರೂ ಅವಳಿಗೆ ಸೂತಕ. ಸತ್ತ ಮೀನನ್ನು ಕಮೋಡಿಗೆ ಹಾಕಿ ಫ್ಲಶ್ ಮಾಡುವಂತಿಲ್ಲ, ಶಾಸ್ತ್ರೋಕ್ತವಾಗಿ ಮಣ್ಣು ಮಾಡಬೇಕು. ಬಾಲ್ಕನಿಯ ತುಳಸಿ ಕುಂಡದಲ್ಲಿ ಇಂಥ ಕಾರ್ಯಕ್ರಮ ನಡೆದಿದೆ ಅಂತ ನಮ್ಮಮ್ಮನಿಗೆ ಗೊತ್ತಾದ ದಿನ ಮನೆಯಲ್ಲಿ ಏನಾಯಿತು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಸ್ಮಶಾನ ಗುಟ್ಟಾಗಿ ದಾಸವಾಳದ ಕುಂಡಕ್ಕೆ ಹೋಯಿತು. ಆ ದಾಸವಾಳ ಈಗ ಮೈತುಂಬಾ ಹೂ ಬಿಡುತ್ತಿದೆ, ಅಮ್ಮ ದಿನಾ ಅದನ್ನೇ ಗಣಪತಿಗೆ ಏರಿಸುತ್ತಾರೆ. ಗೊಬ್ಬರ ಯಾವುದು ಅಂತ ಯಾರೂ ಬಾಯಿ ಬಿಟ್ಟಿಲ್ಲ.

ನಮ್ಮದು ಒಂದೂವರೆ ಅಡಿ ಟ್ಯಾಂಕು. ಹೆಚ್ಚೆಂದರೆ 35 ಲೀಟರ್ ನೀರು, ಮರಳು ಕಲ್ಲು ಹಾಕಿದರೆ ಅದೂ ಇಲ್ಲ. ಬೆಂಗಳೂರಿನ ಎರಡು ಬೆಡ್‌ರೂಮಿನ ಮನೆಯಲ್ಲಿ ಟಿವಿ ಪಕ್ಕ ಉಳಿಯೋ ಜಾಗ ಇಷ್ಟೇ ಅಲ್ವಾ. ತಾಪತ್ರಯ ಏನಂದರೆ, ಚಿಕ್ಕ ಟ್ಯಾಂಕಿಗೆ ಹಿಡಿಸುವ ಮೀನಿಗೆ ಆಯಸ್ಸಿಲ್ಲ, ಆಯಸ್ಸಿರುವ ಮೀನು ಟ್ಯಾಂಕಿಗೆ ಹಿಡಿಸುವುದಿಲ್ಲ. ಗಪ್ಪಿ ಎರಡು ವರ್ಷ ಬದುಕಿದರೆ ದೊಡ್ಡದು. ಆಯಸ್ಸು ಕಮ್ಮಿ, ಸಂತಾನ ಮಾತ್ರ ಭರ್ತಿ. ಫೈಟರ್ ಮೂರು ವರ್ಷ ಇದ್ದರೆ ಪುಣ್ಯ. ಆಸ್ಕರ್ ಹತ್ತು ವರ್ಷ ಸಲೀಸಾಗಿ ಬಾಳುತ್ತದೆ, ಆದರೆ ಅಷ್ಟರೊಳಗೆ ಒಂದಡಿ ಉದ್ದ ಆಗಿರುತ್ತದೆ, ಒಂದೂವರೆ ಅಡಿ ಟ್ಯಾಂಕಿನಲ್ಲಿ ಅದು ತಿರುಗಬೇಕಂದರೆ ರಿವರ್ಸ್ ಗೇರ್ ಬೇಕು. ಅರೋವಾನಾ ಇಪ್ಪತ್ತು ವರ್ಷ ಇರಬಲ್ಲದು. ಅದಕ್ಕೆ ತಕ್ಕ ಟ್ಯಾಂಕ್ ಇಟ್ಟರೆ ನಾವು ನಾಲ್ಕು ಜನ ಪ್ಯಾಸೇಜಿನಲ್ಲಿ ಮಲಗಬೇಕು.

ಗೋಲ್ಡ್‌ಫಿಶ್ ತಗೊಳ್ಳಿ, ಮನೆಗೂ ಒಳ್ಳೇದು ಅಂತ ಹೇಳದ ನೆಂಟರಿಲ್ಲ. ಆಯಸ್ಸಿನ ವಿಷಯದಲ್ಲಿ ಅವರ ಮಾತು ಸುಳ್ಳೇನಲ್ಲ. ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ಟಿಶ್ ಅನ್ನೋ ಗೋಲ್ಡ್‌ಫಿಶ್ ಒಂದಿತ್ತು. 1956ರಲ್ಲಿ ಒಬ್ಬ ಹುಡುಗ ಜಾತ್ರೆಯ ಆಟದಲ್ಲಿ ಗೆದ್ದು ತಂದದ್ದು, ತೀರಿಕೊಂಡಿದ್ದು 1999ರಲ್ಲಿ. 43 ವರ್ಷ! ಸರ್ಕಾರಿ ಕೆಲಸಕ್ಕೆ ಸೇರಿದ್ದರೆ ಪೂರ್ತಿ ಪೆನ್ಷನ್ ಸಮೇತ ರಿಟೈರ್ ಆಗುತ್ತಿತ್ತು. ನಾನು ಇದನ್ನು ಓದಿ ಹೇಳಿದ ತಕ್ಷಣ ನನ್ನ ಹೆಂಡತಿ, "ಬೇಡ ರೀ, ನಾವು ಹೋದ್ಮೇಲೂ ಅದು ಇದ್ರೆ ನೋಡ್ಕೊಳ್ಳೋರ್ಯಾರು?" ಅಂದಳು. ಸಾಯದ ಮೀನು ಬೇಕು ಅಂತ ಶುರು ಮಾಡಿದ್ದೇ ಅವಳು.

ಗೋಲ್ಡ್‌ಫಿಶ್ ಬೇಡ ಅನ್ನೋದಕ್ಕೆ ನನ್ನ ಕಾರಣ ಬೇರೆ. ಅದಕ್ಕೆ ಜಠರ ಅನ್ನೋದೇ ಇಲ್ಲ, ತಿಂದದ್ದು ನೇರ ಕರುಳಿಗೆ. ಹಾಗಾಗಿ ಹಗಲೆಲ್ಲಾ ತಿನ್ನುವುದು, ಹಗಲೆಲ್ಲಾ ಹಿಂದೆ ಉದ್ದಕ್ಕೆ ಒಂದು ದಾರ ಎಳೆದುಕೊಂಡು ಓಡಾಡುವುದು. ಜೊತೆಗೆ ಕಿವಿರಿನಿಂದ ಅಮೋನಿಯಾ ಬಿಡುತ್ತಲೇ ಇರುತ್ತದೆ. ಕೆರೆಯಲ್ಲಿ ಅದು ಲೆಕ್ಕಕ್ಕಿಲ್ಲ, 35 ಲೀಟರಿನಲ್ಲಿ ಅದೇ ವಿಷ. ದುಂಡನೆ ಗಾಜಿನ ಬೋಗುಣಿಯಲ್ಲಿ ಒಂಟಿ ಗೋಲ್ಡ್‌ಫಿಶ್ ಇಟ್ಟು ಚೆಂದ ತೋರಿಸುವವರನ್ನು ಒಂದು ವಾರ ಅದೇ ಬೋಗುಣಿಯ ಪಕ್ಕ ಮೂಗು ಇಟ್ಟು ಕೂರಿಸಬೇಕು.

ಅಂಗಡಿಯವನ ಆಯ್ಕೆ ಇನ್ನೂ ಮಜವಾಗಿತ್ತು. "ಸಾರ್, ಶಾರ್ಕ್ ತಗೊಳ್ಳಿ, ಗಟ್ಟಿ ಮೀನು." ಬೆರಳುದ್ದ, ಬೆಳ್ಳಿ ಬಣ್ಣ, ನೋಡೋಕೆ ಥೇಟ್ ಶಾರ್ಕ್ ಮರಿ. ಅಸಲಿಗೆ ಅದು ಪಂಗೇಸಿಯಸ್, ಕ್ಯಾಟ್‌ಫಿಶ್ ಜಾತಿ. ಆಂಧ್ರದಲ್ಲಿ ಕೆರೆಗಟ್ಟಲೆ ಸಾಕಿ ಮಾರುತ್ತಾರೆ. ಹೋಟೆಲಿನಲ್ಲಿ ಬಾಸಾ ಅಂತ ತಟ್ಟೆಗೆ ಬರುವುದೂ ಇದರದ್ದೇ ತುಂಡು. ಜಾಗ ಸಿಕ್ಕರೆ ಮೂರಡಿ ದಾಟಿ ಬೆಳೆಯುತ್ತದೆ. ಇದು ಎಷ್ಟು ದೊಡ್ಡದಾಗುತ್ತೆ ಅಂತ ಕೇಳಿದರೆ, "ಟ್ಯಾಂಕ್ ಎಷ್ಟಿದೆಯೋ ಅಷ್ಟೇ ಬೆಳೆಯುತ್ತೆ ಸಾರ್" ಅಂದ. ಈ ಮಾತನ್ನು ನಂಬಬೇಡಿ. ಇಕ್ಕಟ್ಟಿನಲ್ಲಿ ಮೀನಿನ ಬೆಳವಣಿಗೆ ಕುಂಠಿತವಾಗಿ, ಸೊರಗಿ, ಬೇಗ ಸಾಯುತ್ತದೆ. ಅದನ್ನೇ ಅಂಗಡಿ ಭಾಷೆಯಲ್ಲಿ ಅಡ್ಜಸ್ಟ್ ಆಗುತ್ತೆ ಅನ್ನುತ್ತಾರೆ.

ಅಷ್ಟರಲ್ಲಿ ನನ್ನ ಭಾವಮೈದುನ ಒಂದು ಸಕ್ಕರ್ ಮೀನು ಹಿಡಿದು ಬಂದ. "ಭಾವ, ಇದೊಂದಿದ್ರೆ ಟ್ಯಾಂಕ್ ತೊಳೆಯೋ ಕೆಲ್ಸಾನೇ ಇಲ್ಲ." ಎರಡಿಂಚಿನ ಮರಿ. ಗಾಜಿಗೆ ಬಾಯಿ ಒತ್ತಿಕೊಂಡು ಪಾಚಿ ತಿಂದದ್ದು ನಿಜ, ತಿಂದದ್ದಕ್ಕಿಂತ ಜಾಸ್ತಿ ಕೆಳಗೆ ಸುರಿದದ್ದೂ ನಿಜ. ಆಮೇಲೆ ಅದು ಬೆಳೆಯಿತು. ಆರಿಂಚು ದಾಟಿದ ಮೇಲೆ ರಾತ್ರಿ ಕಲ್ಲುಗಳನ್ನು ದೂಡಿ ಮನೆ ಶಿಫ್ಟ್ ಮಾಡೋ ಥರ ಸದ್ದು. ಒಂದಡಿ ಮೀರಿ ಬೆಳೆಯುವ, ಹತ್ತು ವರ್ಷಕ್ಕೂ ಹೆಚ್ಚು ಬದುಕುವ ಜೀವ ಅದು. ಪಕ್ಕದ ಮನೆಯವರು ಕೆರೆಗೆ ಬಿಟ್ಟುಬಿಡಿ, ಪುಣ್ಯ ಬರುತ್ತೆ ಅಂದರು. ಪುಣ್ಯವೂ ಇಲ್ಲ ಏನೂ ಇಲ್ಲ. ದಕ್ಷಿಣ ಅಮೆರಿಕದಿಂದ ಬಂದ ಈ ಮೀನನ್ನು ಹೀಗೆ ಬಿಟ್ಟು ಬಿಟ್ಟೇ ನಮ್ಮ ದೇಶದ ಎಷ್ಟೋ ಕೆರೆ ಹೊಳೆಗಳಲ್ಲಿ ಅದು ಬೀಡು ಬಿಟ್ಟಿದೆ, ಊರ ಮೀನುಗಳ ಬಾಯಿಗೆ ಮಣ್ಣು ಹಾಕುತ್ತಿದೆ. ದೊಡ್ಡ ಟ್ಯಾಂಕ್ ಇರುವ ಸಹೋದ್ಯೋಗಿಯೊಬ್ಬರಿಗೆ ಕೈಮುಗಿದು ದಾಟಿಸಿದೆ.

ಭಾವಮೈದುನನ ಸೇವೆ ಅಲ್ಲಿಗೆ ಮುಗಿಯಲಿಲ್ಲ. ನಾವು ಊರಿಗೆ ಹೋಗಿದ್ದಾಗ ಫಿಲ್ಟರಿನ ಸ್ಪಾಂಜು ಕಪ್ಪಗಾಗಿದೆ ಅಂತ ಬಿಚ್ಚಿ, ಪಾತ್ರೆ ಸೋಪು ಹಾಕಿ, ನಲ್ಲಿ ಕೆಳಗೆ ಹೊಸದರ ಹಾಗೆ ತೊಳೆದಿಟ್ಟಿದ್ದ. ಅಮೋನಿಯಾವನ್ನು ನೈಟ್ರೈಟ್, ಅದನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುವುದೇ ಆ ಸ್ಪಾಂಜಿನಲ್ಲಿ. ಅವು ಚೆನ್ನಾಗಿ ನೆಲೆಯೂರಲು ನಾಲ್ಕಾರು ವಾರ ಬೇಕು. ಸೋಪು, ಕ್ಲೋರಿನ್ ಇರುವ ಕಾವೇರಿ ನೀರು ಎರಡೂ ಸೇರಿ ಒಂದೇ ಮಧ್ಯಾಹ್ನದಲ್ಲಿ ಅವುಗಳ ವಂಶ ತೆಗೆದವು. ಹಿಂಡಬೇಕು ಅಂದರೆ ಟ್ಯಾಂಕಿನಿಂದಲೇ ತೆಗೆದ ನೀರಿನಲ್ಲಿ ಎರಡು ಸಲ ಹಿಂಡಿದರೆ ಸಾಕು ಕಣಯ್ಯಾ ಅಂತ ಅವನಿಗೆ ಹೇಳುವ ಹೊತ್ತಿಗೆ ದಾಸವಾಳದ ಕುಂಡದಲ್ಲಿ ಜಾಗ ಸಾಲದಾಗಿತ್ತು.

ಇನ್ನು ಅಮ್ಮ. ಅವರ ಪ್ರಕಾರ ನಮ್ಮ ಮೀನುಗಳು ಸಾಯುವುದು ಹಸಿವಿನಿಂದ. "ಶೃಂಗೇರಿಲಿ ತುಂಗೆಯ ಮೀನು ನೋಡಿಲ್ವೇನೋ? ಮಂಡಕ್ಕಿ ತಿಂದ್ಕೊಂಡೇ ಎಷ್ಟು ದಪ್ಪ ಆಗಿವೆ!" ತುಂಗಾ ನದಿಯಲ್ಲಿ ನೀರು ಹರಿಯುತ್ತಮ್ಮ, ಇಲ್ಲಿ ಹರಿಯಲ್ಲ ಅಂದರೆ ಕೇಳುವುದಿಲ್ಲ. ಒಂದು ಮಧ್ಯಾಹ್ನ ಹಿಡಿ ಮಂಡಕ್ಕಿ ಉದುರಿಸಿದ್ದಾರೆ. ಸಂಜೆ ಬಂದು ನೋಡಿದರೆ ನೀರು ಗಂಜಿ ಬಣ್ಣ. ಫಿಲ್ಟರಿನ ಬಾಯಿಗೆ ಉಬ್ಬಿದ ಮಂಡಕ್ಕಿ ಸಾಲಾಗಿ ಅಂಟಿಕೊಂಡಿದೆ, ಫೈಟರ್ ಒಂದೇ ಒಂದು ಕಾಳನ್ನು ಬಾಯಿಗೆ ಹಾಕಿ, ಉಗಿದು, ಮತ್ತೆ ಹಾಕಿ, ಮತ್ತೆ ಉಗಿಯುತ್ತಿದೆ. ಅಮ್ಮ ಸ್ಟೂಲ್ ಮೇಲೆ ಕೂತು, "ಒಗ್ಗರಣೆ ಇಲ್ದೆ ಅದಕ್ಕೂ ರುಚಿಸ್ತಿಲ್ಲ ನೋಡು" ಅಂದರು.

ಕೊನೆಗೆ ನನ್ನ ಕಣ್ಣಿಗೆ ಬಿದ್ದದ್ದು ಕೂಲಿ ಲೋಚ್. ಆಗ್ನೇಯ ಏಷ್ಯಾದ್ದು. ಸಣ್ಣ ಹಾವಿನ ಥರ, ಹಳದಿ ಮೈಗೆ ಕಪ್ಪು ಪಟ್ಟೆ. ಬೆಳೆದರೂ ನಾಲ್ಕಿಂಚು ಆಸುಪಾಸು. ಚೆನ್ನಾಗಿ ನೋಡಿಕೊಂಡರೆ ಹತ್ತು ವರ್ಷದ ಮಾತು. ನುಣ್ಣನೆ ಮರಳಿರಬೇಕು, ಜೊತೆಗೆ ಐದಾರು ಇರಬೇಕು, ಮುಚ್ಚಳ ಗಟ್ಟಿಯಾಗಿರಬೇಕು, ಇಲ್ಲದಿದ್ದರೆ ಸಂದಿಯಲ್ಲಿ ನುಸುಳಿ ನೆಲಕ್ಕೆ ಬೀಳುತ್ತವೆ. ಇಷ್ಟೆಲ್ಲಾ ಸರಿಹೋದ ಮೇಲೆ ಗೊತ್ತಾದದ್ದು, ಅವು ಹಗಲಲ್ಲಿ ಆಚೆ ಬರುವುದೇ ಇಲ್ಲ. ಮರಳಿನೊಳಗೆ, ಕಲ್ಲಿನಡಿ, ಎಲ್ಲೋ. ಬಂದ ನೆಂಟರು ಖಾಲಿ ಟ್ಯಾಂಕಿಗೆ ಯಾಕೆ ಲೈಟ್ ಹಾಕಿದ್ದೀರಿ ಅನ್ನುತ್ತಾರೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವಾಗ ಹೆಂಡತಿ, "ಒಳಗೆ ಯಾರಾದ್ರೂ ಇದ್ದಾರಾ ವಿಚಾರಿಸ್ರೀ" ಅನ್ನುತ್ತಾಳೆ. ರಾತ್ರಿ ಹನ್ನೊಂದಕ್ಕೆ ನಾನೂ ಮಗಳೂ ಮೊಬೈಲ್ ಟಾರ್ಚ್ ಹಿಡಿದು ಹಾಜರಿ ತೆಗೆದುಕೊಳ್ಳುತ್ತೇವೆ. ಒಮ್ಮೆ ಐದು ಸಿಗುತ್ತವೆ, ಒಮ್ಮೆ ಮೂರು. ಯಾವತ್ತೂ ಪೂರ್ತಿ ಆರು ಸಿಕ್ಕಿಲ್ಲ. ಆದರೆ ಸತ್ತದ್ದನ್ನೂ ಯಾರೂ ನೋಡಿಲ್ಲವಲ್ಲ, ಹಾಗಾಗಿ ಮನೆಯಲ್ಲಿ ಸೂತಕ ನಿಂತಿದೆ.

ಮಗಳಿಗೆ ಇದು ಸಾಲದು. ಕಣ್ಣಿಗೆ ಕಾಣೋ ಅಂಥದ್ದು, ನೂರು ವರ್ಷ ಬದುಕೋ ಅಂಥದ್ದು, ಅಂದರೆ ಆಮೆ ಬೇಕಂತೆ, ಬೆನ್ನ ಮೇಲೆ ನಕ್ಷತ್ರ ಇರುವುದು. ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅಪ್ಪ ಜೈಲಿಗೆ ಹೋಗಬೇಕಾಗುತ್ತೆ ಅಂತ ಹೇಳಿದ್ದೇನೆ. "ಎಷ್ಟು ವರ್ಷ?" ಅಂತ ಕೇಳಿದಳು.