ಬುಲ್‌ಪೆನ್ ಪಕ್ಕದ ತೂಗುಕುರ್ಚಿ

ಅಮೆರಿಕದ ಬೇಸ್‌ಬಾಲ್‌ನವರ ಪಂಚಾಂಗವೇ ಬೇರೆ. 22ಕ್ಕೆ ಭರವಸೆಯ ಹುಡುಗ, 30ಕ್ಕೆ ಮನೆ ಯಜಮಾನ, 35ಕ್ಕೆ ‘ವೆಟರನ್’. 40 ದಾಟಿದರಂತೂ ಕಾಮೆಂಟರಿಯವರ ದನಿ ಐಸಿಯು ಬಾಗಿಲಲ್ಲಿ ನಿಂತ ನೆಂಟರ ಹಾಗೆ ಮೆತ್ತಗಾಗುತ್ತದೆ. ಇನ್ನೂ ಆಡ್ತಿದಾರಲ್ಲ! ಅಜ್ಜ ಇನ್ನೂ ಗಂಜಿ ಕುಡೀತಿದಾರಲ್ಲ ಅನ್ನೋ ಅದೇ ರಾಗ.

ಪಿಚರ್ ಆದವನಿಗೆ ಈ ಕಾಟ ಜಾಸ್ತಿ. ಪಿಚರ್ ಅಂದರೆ ನಮ್ಮ ಬೌಲರ್ ಇದ್ದ ಹಾಗೆ. ಆದರೆ ದಿಬ್ಬದ ಮೇಲೆ ನಿಂತು, ನೆಲಕ್ಕೆ ಪುಟಿಸದೆ, ಸೀದಾ ಎಸೆಯುತ್ತಾನೆ. ಈಗಿನ ತಂಡಗಳಿಗೆ ಆತನ ತಲೆ ಬೇಡ, ರಟ್ಟೆ ಸಾಕು. ಗಂಟೆಗೆ 100 ಮೈಲಿ ಬರುತ್ತಾ? ಬನ್ನಿ, ಕೂತ್ಕೊಳ್ಳಿ. ಹುಡುಗರು ಹೈಸ್ಕೂಲಿನಿಂದಲೇ ಮೈಮೇಲೆ ದೆವ್ವ ಬಂದ ಹಾಗೆ ಎಸೆಯುತ್ತಾರೆ. ಮೀಸೆ ಸರಿಯಾಗಿ ಮೂಡುವ ಮೊದಲೇ ಮೊಣಕೈ ಲಿಗಮೆಂಟ್ ಹರಿದುಕೊಂಡು ಆಪರೇಷನ್ ಟೇಬಲ್ ಮೇಲೆ ಮಲಗುತ್ತಾರೆ. ಆ ಆಪರೇಷನ್ನಿಗೆ ಟಾಮಿ ಜಾನ್ ಸರ್ಜರಿ ಅಂತ ಹೆಸರು. 1974ರಲ್ಲಿ ಡಾ. ಫ್ರಾಂಕ್ ಜೋಬ್ ಇದನ್ನು ಮೊದಲು ಮಾಡಿದ್ದು ಟಾಮಿ ಜಾನ್ ಅನ್ನೋ ಪಿಚರ್‌ಗೆ. ಆತ ಆಮೇಲೆ 46 ವರ್ಷದವರೆಗೂ ಆಡಿದರು. ಅಂದರೆ, ಮುದುಕನ ಹೆಸರಿನ ಹೊಲಿಗೆ ಹಾಕಿಸಿಕೊಂಡ ಹುಡುಗರು, ಮುದುಕರು ಯಾವಾಗ ಜಾಗ ಬಿಡ್ತಾರೋ ಅಂತ ಕಾಯುತ್ತಿದ್ದಾರೆ.

ಜೇಮಿ ಮೋಯರ್ ಅಂತ ಒಬ್ಬರಿದ್ದರು. 29ನೇ ವಯಸ್ಸಿಗೇ ಅವರಿಗೆ ಆಟ ಬಿಡಿಸಿ, ಕೋಚ್ ಕೆಲಸ ಕೊಡ್ತೀವಿ ಅಂದಿತ್ತು ಅವರ ತಂಡ. ಒಲ್ಲೆ ಅಂದರು. 48ಕ್ಕೆ ಇದೇ ಟಾಮಿ ಜಾನ್ ಸರ್ಜರಿ ಮಾಡಿಸಿಕೊಂಡರು. ಆ ವಯಸ್ಸಿಗೆ ನಾವು ಆಸ್ಪತ್ರೆಗೆ ಹೋಗೋದು ಶುಗರ್ ಚೆಕ್ ಮಾಡಿಸೋಕೆ. 2012ರ ಏಪ್ರಿಲ್ 17ರಂದು, 49 ವರ್ಷ 151 ದಿನಕ್ಕೆ, ಕೊಲರಾಡೊ ರಾಕೀಸ್ ಪರ ಪಂದ್ಯ ಗೆದ್ದರು. ಅಲ್ಲಿನ ಬೇಸ್‌ಬಾಲ್‌ನ ಅತಿ ದೊಡ್ಡ ಪಂದ್ಯಾವಳಿಯಾದ ಮೇಜರ್ ಲೀಗ್‌ನಲ್ಲಿ ಅಷ್ಟು ವಯಸ್ಸಿನ ಪಿಚರ್ ಗೆದ್ದದ್ದು ಅದೇ ಮೊದಲು. ಅವತ್ತು ಅವರ ಒಂದು ಚೆಂಡೂ 80 ಮೈಲಿ ಮುಟ್ಟಲಿಲ್ಲ. ಬ್ಯಾಟರ್‌ಗಳು ಬೀಸಿ ಮುಗಿಸಿದರೂ ಚೆಂಡು ಇನ್ನೂ ದಾರಿಯಲ್ಲೇ. ಮದುವೆಮನೆಗೆ ನಿಧಾನವಾಗಿ ಹೊರಟು ಸರಿಯಾಗಿ ಊಟದ ಹೊತ್ತಿಗೆ ಬರುವ ದೊಡ್ಡಪ್ಪನ ಹಾಗೆ.

ಇನ್ನೊಂದು ತಮಾಷೆ ಅಂದ್ರೆ, ವಯಸ್ಸಾಯ್ತು ವಯಸ್ಸಾಯ್ತು ಅನ್ನುತ್ತಲೇ ತಂಡಗಳು ದುಡ್ಡು ಸುರಿಯುತ್ತವೆ. 2025ರಲ್ಲಿ ಪಿಚರ್ ಜಸ್ಟಿನ್ ವರ್ಲ್ಯಾಂಡರ್‌ಗೆ 42. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ಒಂದು ವರ್ಷಕ್ಕೆ ಒಂದೂವರೆ ಕೋಟಿ ಡಾಲರ್ ಕೊಟ್ಟಿತು. ಮೊದಲ 16 ಪಂದ್ಯ ಅವರ ಹೆಸರಿಗೆ ಒಂದೂ ಗೆಲುವಿಲ್ಲ. ಅದೇ ವರ್ಷ ಟೊರಾಂಟೊ ತಂಡದಲ್ಲಿ 41ರ ಮ್ಯಾಕ್ಸ್ ಶರ್ಜರ್. ಅಕ್ಟೋಬರ್ 16, ಸಿಯಾಟಲ್, ಐದನೇ ಇನ್ನಿಂಗ್ಸ್. ಅಜ್ಜನಿಗೆ ಸುಸ್ತಾಯ್ತೇನೋ, ಬದಲಾಯಿಸೋಣ ಅಂತ, ತಂಡ ನಡೆಸುವ ಮ್ಯಾನೇಜರ್ ಜಾನ್ ಶ್ನೈಡರ್ ದಿಬ್ಬದ ಕಡೆ ನಡೆದು ಬಂದರು. ಶರ್ಜರ್ ಮುಖಕ್ಕೆ ಮುಖ ಕೊಟ್ಟು ಕೂಗಾಡಿದರು. ಆಡಿದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಬಾಡಿಗೆ ಕೇಳೋಕೆ ಬಂದವರು ಗೇಟಿನೊಳಗೆ ನಾಯಿ ನೋಡಿದ ಹಾಗೆ ಶ್ನೈಡರ್ ವಾಪಸ್ ಹೋದರು. ಮುಂದಿನ ಬ್ಯಾಟರ್ ಔಟ್.

ಇಷ್ಟಕ್ಕೂ ವಯಸ್ಸು ಕೇಳೋದು ಯಾರನ್ನ? ಫಿಲಡೆಲ್ಫಿಯಾ ಅಥ್ಲೆಟಿಕ್ಸ್ ತಂಡಕ್ಕೆ ಕಾನಿ ಮ್ಯಾಕ್ 50 ವರ್ಷ ಮ್ಯಾನೇಜರ್ ಆಗಿದ್ದರು. 1950ರಲ್ಲಿ ಬಿಟ್ಟಾಗ ಅವರಿಗೆ 87. ಕೊನೆಕೊನೆಗೆ, ಎಂದೋ ಆಟ ಬಿಟ್ಟುಹೋದವರ ಹೆಸರು ಹಿಡಿದು ಕರೆಯುತ್ತಿದ್ದರಂತೆ. ಯಾರೂ ತೆಗೀಲಿಲ್ಲ. ತೆಗೆಯೋರು ಯಾರು? ತಂಡದ ಮಾಲೀಕರೂ ಅವರೇ.

ಅದೇ ತಂಡ ಆಮೇಲೆ ಕ್ಯಾನ್ಸಾಸ್ ಸಿಟಿಗೆ ಹೋಯಿತು. 1965ರ ಸೆಪ್ಟೆಂಬರ್ 25ರಂದು ಹೊಸ ಮಾಲೀಕ ಚಾರ್ಲಿ ಫಿನ್ಲಿ, 59ರ ಸ್ಯಾಚೆಲ್ ಪೈಗ್ ಅವರನ್ನು ಪಿಚಿಂಗ್‌ಗೆ ಕರೆತಂದರು. ಬುಲ್‌ಪೆನ್, ಅಂದರೆ ಪಿಚರ್‌ಗಳು ಎಸೆದು ಮೈ ಬಿಸಿ ಮಾಡಿಕೊಳ್ಳೋ ಜಾಗ, ಅದರ ಪಕ್ಕ ತೂಗುಕುರ್ಚಿ ಹಾಕಿಸಿದರು. ಕೈಗೆ ಎಣ್ಣೆ ತಿಕ್ಕೋಕೆ ಒಬ್ಬ ನರ್ಸ್ ಬೇರೆ. ಜನ ನಕ್ಕರು. ಪೈಗ್ ಎದ್ದುಹೋಗಿ ಬಾಸ್ಟನ್ ವಿರುದ್ಧ ಮೂರು ಇನ್ನಿಂಗ್ಸ್ ಎಸೆದರು. ರನ್ ಸೊನ್ನೆ. ಹಿಟ್ ಒಂದೇ ಒಂದು, ಅದೂ ಕಾರ್ಲ್ ಯಸ್ಟ್ರೆಮ್ಸ್ಕಿ ಅನ್ನೋ ದಿಗ್ಗಜನದು.

ಸರಿಯಾದ ವಯಸ್ಸು ಎಷ್ಟು ಅಂತ ಕೇಳಿದರೆ, ಹುಟ್ಟಿದ ದಿನ ಬರೆದಿಟ್ಟಿದ್ದ ಬೈಬಲ್ ಅನ್ನು ಆಡು ತಿಂದುಬಿಟ್ಟಿತು ಅನ್ನುತ್ತಿದ್ದರು ಪೈಗ್. ನಮ್ಮಲ್ಲಿ ಮೇಷ್ಟ್ರು ಬರೆದುಕೊಟ್ಟ ಜೂನ್ 1 ಇದ್ದ ಹಾಗೆ ಅದು. ಆದರೆ ಆಡಿನ ಹೊಟ್ಟೆ ಸೇರದ ವರ್ಷಗಳೂ ಇದ್ದವು. ಪೈಗ್ 1926ರಿಂದ ಕರಿಯರ ತಂಡಗಳಲ್ಲಿ ಎಸೆಯುತ್ತಿದ್ದರು. ಮೇಜರ್ ಲೀಗ್ ಅವರನ್ನು ಒಳಗೆ ಬಿಟ್ಟುಕೊಂಡಿದ್ದು 1948ರಲ್ಲಿ, 42ನೇ ವಯಸ್ಸಿಗೆ. ಅಲ್ಲಿವರೆಗೆ ಅಡ್ಡ ಬಂದದ್ದು ಚರ್ಮದ ಬಣ್ಣ. ಒಳಗೆ ಬಿಟ್ಟ ದಿನದಿಂದ ವಯಸ್ಸಿನ ಜೋಕು ಶುರು.

ಆಮೇಲೆ ಪಿಂಚಣಿ ಕಾಗದ ತೆಗೆದು ನೋಡಿದರೆ, ಸೇವೆ 158 ದಿನ ಕಡಿಮೆ ಬಿದ್ದಿದೆ. 1968ರಲ್ಲಿ ಅಟ್ಲಾಂಟಾ ಬ್ರೇವ್ಸ್‌ನವರು 62ರ ಪೈಗ್ ಅವರನ್ನು ತಂಡದ ಪಟ್ಟಿಗೆ ಸೇರಿಸಿಕೊಂಡು ಆ ದಿನಗಳನ್ನು ತುಂಬಿಸಿಕೊಟ್ಟರು. ಹೊರಗೆ ನಿಲ್ಲಿಸಿದ್ದ 22 ವರ್ಷ ಯಾವ ಲೆಕ್ಕದ ಪುಸ್ತಕದಲ್ಲೂ ಇರಲಿಲ್ಲ. 158 ದಿನ ಮಾತ್ರ ಒಂದೂ ಬಿಡದೆ ಎಣಿಸಿಟ್ಟಿದ್ದರು.