ಉಪ್ಪಿಟ್ಟಿಗೆ ಒಂದು ಗೀಟು

ಭಾನುವಾರ ಬೆಳಿಗ್ಗೆ ಮೂರನೇ ತರಗತಿಯ ಮೊಮ್ಮಗಳು ಪುಟ್ಟಿ, ರಟ್ಟಿಗೆ ಹಾಳೆ ಸಿಕ್ಕಿಸಿಕೊಂಡು, ಕಿವಿಯ ಮೇಲೊಂದು ಪೆನ್ಸಿಲ್ ಇಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಇಪ್ಪತ್ತು ಜನರನ್ನು ಕೇಳಿ, ಅವರಿಗೆ ಇಷ್ಟವಾದ ತಿಂಡಿ ಯಾವುದೆಂದು ಬರೆದು ತರಬೇಕಂತೆ. ಹಾಳೆಯಲ್ಲಿ ನಾಲ್ಕು ಸಾಲು: ದೋಸೆ, ಇಡ್ಲಿ, ಅವಲಕ್ಕಿ, ಉಪ್ಪಿಟ್ಟು. ಪಾಠದಲ್ಲಿ ಇದಕ್ಕೆ ‘ದತ್ತಾಂಶಗಳ ನಿರ್ವಹಣೆ’ ಎಂಬ ಹೆಸರಿದೆ. ಹೆಸರು ಕೇಳಿದರೆ ಯಾವುದೋ ಇಲಾಖೆಯ ನೆನಪಾಗುತ್ತದೆ. ಕೆಲಸ ಮಾತ್ರ ಪಕ್ಕದ ಮನೆಯ ಗೇಟು ತಟ್ಟುವುದು.

ಗೇಟು ತಟ್ಟುವ ಕೆಲಸದಲ್ಲಿ ನಾನು ಪಳಗಿದವಳು. ಶಾಲೆಯಲ್ಲಿ ಟೀಚರ್ ಆಗಿದ್ದಾಗ 1991 ಮತ್ತು 2001ರ ಜನಗಣತಿಗೆ ಫೆಬ್ರವರಿಯ ಬಿಸಿಲಲ್ಲಿ ಫಾರಂಗಳನ್ನು ಹೊತ್ತು ಬೀದಿ ಬೀದಿ ಅಲೆದಿದ್ದೇನೆ. ಗಂಡನ ಹೆಸರು ಹೇಳಲು ನಾಚಿ ಮಗನನ್ನು ಕೂಗುತ್ತಿದ್ದ ಹೆಂಗಸರನ್ನು ಕಂಡಿದ್ದೇನೆ. ವಯಸ್ಸು ಕೇಳಿದರೆ, “ಐವತ್ತೋ ಅರವತ್ತೋ, ನೋಡಿ ಬರೆದುಕೊಳ್ಳಿ ತಾಯಿ” ಎನ್ನುವವರೇ ಹೆಚ್ಚು. ನಮ್ಮ ದೇಶದ ಗಣತಿಯಲ್ಲಿ ಸೊನ್ನೆಗೋ ಐದಕ್ಕೋ ಮುಗಿಯುವ ವಯಸ್ಸಿನವರು ರಾಶಿ ರಾಶಿಯಾಗಿ ಸಿಗುವುದು ಇದರಿಂದಲೇ. ನಲವತ್ತೊಂಬತ್ತಾಯಿತು ಎಂದು ಯಾರೂ ಹೇಳುವುದಿಲ್ಲ.

ಮೊದಲು ಪುಟ್ಟಿಗೆ ಎಣಿಕೆಯ ಕ್ರಮ ಹೇಳಿಕೊಟ್ಟೆ. ನಾಲ್ಕು ಗೀಟು ನಿಲ್ಲಿಸಿ, ಐದನೆಯದನ್ನು ಅವುಗಳ ಮೇಲೆ ಓರೆಯಾಗಿ ಎಳೆದರೆ ಒಂದು ಕಟ್ಟು. ಪುಸ್ತಕದವರು ಇದನ್ನು ತಾಳೆ ಗುರುತು ಎನ್ನುತ್ತಾರೆ. ನನ್ನಮ್ಮ ಹಾಲಿನ ಲೆಕ್ಕವನ್ನು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚುತ್ತಿದ್ದಳು. ಅವಳಿಗೆ ಈ ಐದರ ಕಟ್ಟು ಗೊತ್ತಿರಲಿಲ್ಲ. ತಿಂಗಳ ಕೊನೆಯಲ್ಲಿ ಅವಳೂ ಹಾಲಿನವನೂ ಗೋಡೆಗೆ ಮೂಗು ತಾಗಿಸಿಕೊಂಡು, ಇಪ್ಪತ್ತೇಳೋ ಇಪ್ಪತ್ತೆಂಟೋ ಎಂದು ವಾದಕ್ಕಿಳಿಯುತ್ತಿದ್ದರು. ಒಂದು ಓರೆಗೀಟಿನಿಂದ ಎಷ್ಟು ಜಗಳ ತಪ್ಪುತ್ತಿತ್ತೋ ಏನೋ.

ಮೊದಲ ಮನೆಯಲ್ಲೇ ಪುಟ್ಟಿ ಕೇಳಿದಳು: “ಆಂಟಿ, ನಿಮಗೂ ಉಪ್ಪಿಟ್ಟು ಇಷ್ಟವಿಲ್ಲ ತಾನೆ?” ಪಕ್ಕಕ್ಕೆ ಕರೆದು, ಪ್ರಶ್ನೆಯೊಳಗೆ ಉತ್ತರ ಇಡಬಾರದು, ಬರಿದೆ ಪ್ರಶ್ನೆ ಕೇಳಿ ಸುಮ್ಮನೆ ನಿಲ್ಲಬೇಕು ಎಂದು ಬುದ್ಧಿ ಹೇಳಿದೆ. ಆಕೆ ನನ್ನ ಮುಖ ನೋಡಿ, “ನಿಮ್ಮಜ್ಜಿ ಮಾಡುವ ಉಪ್ಪಿಟ್ಟೇ ಇಷ್ಟ” ಎಂದರು. ನನಗೆ ಹಿಗ್ಗಾಯಿತು. ನಮ್ಮ ಮನೆಯಲ್ಲಿ ವಾರಕ್ಕೆ ಮೂರು ದಿನ ಉಪ್ಪಿಟ್ಟೇ. ಕಾಲು ಗಂಟೆಯಲ್ಲಿ ಆಗುವ ತಿಂಡಿ ಬೇರೆ ಯಾವುದಿದೆ? ಅದಕ್ಕೆ ‘ಕಾಂಕ್ರೀಟು’ ಎಂದು ಹೆಸರಿಟ್ಟವರು ಬೆಳಿಗ್ಗೆ ಎಂಟು ಗಂಟೆಗೆ ಬಸ್ ಹಿಡಿಯಬೇಕಾದವರಿಗೆ ಒಂದು ದಿನ ಅಡುಗೆ ಮಾಡಿ ಬಡಿಸಲಿ.

ಎರಡನೆಯ ಮನೆಯಿಂದ ನಾನು ಹಿಂದೆ ಸರಿದೆ. ಸ್ವಲ್ಪ ಹೊತ್ತಿನ ಮೇಲೆ ಆ ಮೊದಲ ಮನೆಯವರು ಪುಟ್ಟಿಯನ್ನು ಕಾಂಪೌಂಡಿನ ಬಳಿ ಕರೆದು, “ನನ್ನದನ್ನು ದೋಸೆಗೆ ಹಾಕು ಮರಿ, ಅಜ್ಜಿಗೆ ಹೇಳಬೇಡ” ಎಂದರಂತೆ. ಅವಳು ಬಂದು ಹೇಳಿದ್ದು ಮೊದಲು ನನಗೇ. ಜನಗಣತಿಯಲ್ಲಿ ಜೊತೆಗೆ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಹೋದಾಗ ಒಂದು ಉತ್ತರ, ಒಬ್ಬಳೇ ಹೋದಾಗ ಇನ್ನೊಂದು ಉತ್ತರ ಬರುತ್ತಿದ್ದುದು ನೆನಪಾಯಿತು.

ಮೂಲೆ ಮನೆಯವರು ಹೂವಿನಹಡಗಲಿಯವರು. ಅಂಕಿ-ಅಂಶಗಳನ್ನು ಅಭ್ಯಸಿಸುವ ಸಂಖ್ಯಾಶಾಸ್ತ್ರದಲ್ಲಿ ಜಗತ್ತೇ ಹೆಸರಿಸುವ ಸಿ. ಆರ್. ರಾವ್ 1920ರಲ್ಲಿ ಹುಟ್ಟಿದ್ದು ತಮ್ಮೂರಿನಲ್ಲೇ ಎಂಬ ಹೆಮ್ಮೆ ಅವರಿಗೆ. ಪುಟ್ಟಿಗೂ ಅದನ್ನು ವಿವರಿಸಿ ಹೇಳಿ, ಕೊನೆಗೆ ಇರುವ ನಾಲ್ಕು ಸಾಲನ್ನೂ ನಿರಾಕರಿಸಿ “ಜೋಳದ ರೊಟ್ಟಿ” ಎಂದರು. ಹಾಳೆಯಲ್ಲಿ ರೊಟ್ಟಿಗೆ ಜಾಗವಿಲ್ಲ. ಅಲ್ಲಿಂದ ‘ಇತರೆ’ ಎಂಬ ಐದನೆಯ ಸಾಲು ಹುಟ್ಟಿತು. ಅದರೊಳಕ್ಕೆ ತರಕಾರಿ ಗಾಡಿಯವನ ಮುದ್ದೆಯೂ ಪುಟ್ಟಿಯ ಅಮ್ಮನ ಚಿತ್ರಾನ್ನವೂ ಹೋದವು. ಎದುರು ಮನೆಯ ತಾತನದು ಮಾತ್ರ ಕಷ್ಟವಾಯಿತು: “ಬಿಸಿಯಾಗಿದ್ದರೆ ಯಾವುದಾದರೂ ಸರಿ.” ಪುಟ್ಟಿ ಬಹಳ ಯೋಚಿಸಿ ಅದನ್ನೂ ಇತರೆಗೆ ಸೇರಿಸಿದಳು.

ಮಧ್ಯಾಹ್ನ ಚೌಕುಳಿ ಹಾಳೆಯ ಮೇಲೆ ಕಂಬಗಳನ್ನು ಎಬ್ಬಿಸಲು ಕುಳಿತೆವು. ದೋಸೆ ಒಂಬತ್ತು, ಇಡ್ಲಿ ಐದು, ಅವಲಕ್ಕಿ ಎರಡು, ಇತರೆ ನಾಲ್ಕು, ಉಪ್ಪಿಟ್ಟು ಒಂದು. ಕೂಡಿದರೆ ಇಪ್ಪತ್ತೊಂದು. ಹೆಸರುಗಳು ಇಪ್ಪತ್ತೇ. ಮೂರು ಸಲ ಎಣಿಸಿದೆವು.

“ಉಪ್ಪಿಟ್ಟು ಹೇಳಿದವರು ಯಾರು?” ಎಂದೆ.

ಪುಟ್ಟಿ ರಟ್ಟಿನ ಅಂಚು ಕೆರೆಯುತ್ತ ಹೇಳಿದಳು: “ಯಾರೂ ಇಲ್ಲ. ಪಾಪ, ಅದಕ್ಕೆ ಒಂದು ಗೀಟೂ ಇರಲಿಲ್ಲ. ನಾನೇ ಹಾಕಿದೆ.”

ಟೀಚರ್ ಆಗಿದ್ದವಳು ನಾನು. ಕೈ ತಾನಾಗಿ ರಬ್ಬರಿನತ್ತ ಹೋಯಿತು. ಇಲ್ಲದವರನ್ನು ಬರೆಯುವುದು ಇದ್ದವರನ್ನು ಬಿಡುವಷ್ಟೇ ದೊಡ್ಡ ತಪ್ಪು ಎಂದು ನಮಗೆ ತರಬೇತಿಯಲ್ಲಿ ಪಾಠ ಹೇಳಿದ್ದರು. ಅಷ್ಟರಲ್ಲಿ ಪುಟ್ಟಿಯ ಮುಖ ಅರಳಿತು. “ಅಜ್ಜಿ, ನಿನ್ನನ್ನು ಕೇಳಿಯೇ ಇಲ್ಲ! ನಿನ್ನ ಹೆಸರು ಬರೆದರೆ ಲೆಕ್ಕ ಸರಿಹೋಗುತ್ತದೆ. ನಿನಗೆ ಉಪ್ಪಿಟ್ಟೇ ಇಷ್ಟ ತಾನೆ?”

ನನಗೆ ಚಿಕ್ಕಂದಿನಿಂದಲೂ ದೋಸೆಯೆಂದರೆ ಪ್ರಾಣ. ಪ್ರಶ್ನೆಯೊಳಗೆ ಉತ್ತರ ಇಡಬಾರದೆಂದು ಬೆಳಿಗ್ಗೆಯಷ್ಟೇ ಹೇಳಿಕೊಟ್ಟಿದ್ದೆ. ಒಲೆಯ ಪಕ್ಕದ ರವೆ ಡಬ್ಬಿಯನ್ನು ಒಮ್ಮೆ ನೋಡಿ, “ಹೌದು, ಬರೆದುಕೋ” ಎಂದೆ.